ತಣ್ಣನೆಯ ಬಾಡಿಗೆ, ಬೆಚ್ಚನೆಯ ಬಾಡಿಗೆ

ಜರ್ಮನಿಯ ಪಟ್ಟಣಗಳಲ್ಲಿ ಮನೆ ಹುಡುಕುವವನಿಗೆ ಮೊದಲು ಕಾಣುವ ವಿಚಿತ್ರವೆಂದರೆ, ಅಲ್ಲಿ ಒಂದೇ ಮನೆಗೆ ಎರಡು ಬಾಡಿಗೆ. ಒಂದರ ಹೆಸರು ‘ಕಾಲ್ಟ್‌ಮೀಟೆ’, ಎಂದರೆ ತಣ್ಣನೆಯ ಬಾಡಿಗೆ. ಇನ್ನೊಂದು ‘ವಾರ್ಮ್‌ಮೀಟೆ’, ಬೆಚ್ಚನೆಯ ಬಾಡಿಗೆ. ಬಾಡಿಗೆಗೂ ಶೀತೋಷ್ಣಗಳುಂಟೆ ಎಂದು ಹೊಸಬನು ನಗಬಹುದು. ಮೊದಲ ಹಿಮ ಬಿದ್ದ ಮೇಲೆ ಆ ನಗೆ ಉಳಿಯುವುದು ಕಷ್ಟ. ತಣ್ಣನೆಯದು ನಾಲ್ಕು ಗೋಡೆ, ಒಂದು ಸೂರಿನ ಬೆಲೆ. ನೀರು, ಕಸ, ಮೆಟ್ಟಿಲು ಗುಡಿಸುವ ಕೂಲಿ, ಕಟ್ಟಡದ ವಿಮೆ, ಎಲ್ಲಕ್ಕಿಂತ ಮಿಗಿಲಾಗಿ ಕೋಣೆಯನ್ನು ಕಾಯಿಸುವ ವೆಚ್ಚ ಇವೆಲ್ಲ ಕೂಡಿದಾಗ ಅದು ಬೆಚ್ಚಗಾಗುತ್ತದೆ. ವಿದ್ಯುತ್ತಿನ ಲೆಕ್ಕ ಸಾಮಾನ್ಯವಾಗಿ ಇದಕ್ಕೂ ಹೊರಗೆ.

ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಓದಲೆಂದು ಬರ್ಲಿನ್ನಿಗೆ ಹೋದ ತರುಣನು ಎಡವುವುದು ಇಲ್ಲಿಯೇ. ಜಾಹೀರಾತಿನಲ್ಲಿ ಅವನ ಕಣ್ಣು ಸಣ್ಣ ಅಂಕಿಯ ಮೇಲೆ ನಿಲ್ಲುತ್ತದೆ. ಅದರ ಪಕ್ಕದಲ್ಲಿಯೇ ಇರಬೇಕಾದ ಇನ್ನೊಂದು ಅಂಕಿಯನ್ನು ಅವನು ಓದುವುದಿಲ್ಲ. ಆ ಮನೆಗೆ ಒಂದು ಚದರ ಮೀಟರಿಗೆ ವರ್ಷವೊಂದಕ್ಕೆ ಎಷ್ಟು ಯೂನಿಟ್ ಕಾವು ಬೇಕೆಂಬುದನ್ನು ಹೇಳುವ ಅಂಕಿ ಅದು. ಮನೆಯ ಜಾತಕವೆನ್ನಬಹುದಾದ ಆ ಪತ್ರವನ್ನು, ಮನೆ ತೋರಿಸುವ ವೇಳೆಗಾದರೂ ಯಜಮಾನನು ತೋರಿಸಲೇಬೇಕೆಂದು ಕಾನೂನಿದೆ. ಜಾತಕ ಕೇಳಲು ಸಂಕೋಚಪಡದ ನಾಡಿನವರು ಇದನ್ನು ಕೇಳಲು ಏಕೆ ಸಂಕೋಚಪಡಬೇಕೋ ತಿಳಿಯದು!

50 ಚದರ ಮೀಟರಿನ ಎರಡು ಮನೆಗಳಿವೆಯೆನ್ನಿ. ಒಂದು ಹಳೆಯದು, ಕಿಟಕಿಗಳು ಸಡಿಲ, ಚದರ ಮೀಟರಿಗೆ 200 ಯೂನಿಟ್ ನುಂಗುವಂಥದು. ಇನ್ನೊಂದು ಗೋಡೆಗೆ ಹೊದಿಕೆ ಹಾಕಿಸಿಕೊಂಡದ್ದು, 75ರಲ್ಲಿ ತೃಪ್ತಿಪಡುವಂಥದು. ಯೂನಿಟ್ಟಿಗೆ 10 ಸೆಂಟು ಹಿಡಿದರೆ ಮೊದಲನೆಯದಕ್ಕೆ ವರ್ಷಕ್ಕೆ 1,000 ಯೂರೋ, ಎರಡನೆಯದಕ್ಕೆ 375. ತಿಂಗಳಿಗೆ ಐವತ್ತೆರಡು ಯೂರೋ ಅಂತರವಾಯಿತು. ಹಳೆಯ ಮನೆಯ ತಣ್ಣನೆಯ ಬಾಡಿಗೆ 30 ಯೂರೋ ಅಗ್ಗವೆಂದು ಹಿಗ್ಗಿದವನು ತಿಂಗಳು ತಿಂಗಳೂ 22 ಯೂರೋ ಹೆಚ್ಚು ತೆರುತ್ತಾನೆ. ಅದರ ಮೇಲೆ ಚಳಿಯಲ್ಲಿ ನಡುಗುವುದು ಬೇರೆ. ಒಂದೇ ಕಟ್ಟಡದಲ್ಲಿಯೂ ಭೇದವುಂಟು. ಮೇಲೆ, ಕೆಳಗೆ, ಪಕ್ಕದಲ್ಲಿ ಒಲೆ ಉರಿಸುವ ನೆರೆಯವರಿರುವ ನಡುವಣ ಮನೆ ಪುಕ್ಕಟೆಯಾಗಿ ಅಷ್ಟಿಷ್ಟು ಕಾವು ಪಡೆಯುತ್ತದೆ. ಮೂಲೆಯದೂ ಸೂರಿನ ಕೆಳಗಿನದೂ ನೆಲಮಾಳಿಗೆಯ ಮೇಲಿನದೂ ಕಳೆದುಕೊಳ್ಳುತ್ತವೆ.

ಅಗ್ಗದ ಮನೆಗೆ ಮೈಯ ಕಾವಿನಿಂದ ಬೆಲೆ ತೆತ್ತವರ ಕಥೆ ಬರ್ಲಿನ್ನಿನಲ್ಲಿ ಹಳೆಯದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾರ್ಖಾನೆಗಳಿಗೆಂದು ಜನ ನುಗ್ಗಿದಾಗ ಅಲ್ಲಿ ಐದಂತಸ್ತಿನ ವಠಾರಗಳು ಎದ್ದವು. ಒಂದರ ಹಿಂದೊಂದು ಅಂಗಳ. 1853ರ ನಿಯಮದಂತೆ ಅಂಗಳವು ಬೆಂಕಿ ಆರಿಸುವ ಬಂಡಿ ತಿರುಗುವಷ್ಟು, ಎಂದರೆ ಸುಮಾರು 5.3 ಮೀಟರು ಅಗಲವಿದ್ದರೆ ಸಾಕಾಗಿತ್ತು. ಹೊಸದಾಗಿ ಕಟ್ಟಿದ ವಠಾರದ ಸುಣ್ಣದ ಗಾರೆ ಒಣಗಲು ತಿಂಗಳುಗಳೇ ಬೇಕು. ಹಸಿ ಗೋಡೆಯ ಮನೆಗೆ ಹಣವುಳ್ಳವನು ಬಾರನು. ಆದ್ದರಿಂದ ಕಡು ಬಡವರನ್ನು ಅಲ್ಪ ಬಾಡಿಗೆಗೋ ಬಾಡಿಗೆಯಿಲ್ಲದೆಯೋ ಅಲ್ಲಿ ಇರಿಸುತ್ತಿದ್ದರು. ಅವರ ಒಲೆಯ ಕಾವು, ಅವರ ಉಸಿರು ಇವುಗಳಿಂದ ಗೋಡೆ ಒಣಗಬೇಕು. ಉಸಿರಿನ ಇಂಗಾಲಾಮ್ಲವನ್ನು ಹೀರಿ ಗಾರೆ ಗಟ್ಟಿಯಾಗುತ್ತದೆ, ಗಟ್ಟಿಯಾಗುತ್ತ ನೀರು ಬಿಡುತ್ತದೆ. ಆ ತೇವದಲ್ಲಿ ಮಕ್ಕಳು ಮಲಗಬೇಕು. ಗೋಡೆ ಒಣಗಿತೆಂದರೆ ಬಾಡಿಗೆ ಏರಿತು, ಆ ಸಂಸಾರ ಗಂಟುಮೂಟೆ ಕಟ್ಟಿ ಇನ್ನೊಂದು ಹಸಿ ಗೋಡೆಯನ್ನು ಹುಡುಕಿ ಹೊರಟಿತು. ಇವರಿಗೆ ‘ಟ್ರೋಕೆನ್‌ವೋನರ್’, ವಾಸಿಸಿ ಒಣಗಿಸುವವರು, ಎಂದೇ ಹೆಸರಾಗಿತ್ತು. ಕೆಮ್ಮು, ಕೀಲುನೋವು ಅವರ ಪಾಲಿನ ಸಂಬಳ.

ಎರಡನೆಯ ಮಹಾಯುದ್ಧದ ಬೆನ್ನಿಗೆ ಬಂದ ಚಳಿಗಾಲಗಳಲ್ಲಿ ಅದೇ ನಗರದ ಟೀರ್‌ಗಾರ್ಟನ್ ಉದ್ಯಾನದ ಮರಗಳು ಮನೆಗಳ ಒಲೆ ಸೇರಿದವು. 1990ರ ದಶಕದಲ್ಲಿಯೂ ನಗರದ ಪೂರ್ವಭಾಗದ ಅಗ್ಗದ ಮನೆಗಳಲ್ಲಿ ಕಲ್ಲಿದ್ದಲ ಒಲೆಗಳಿದ್ದುವು. ನೆಲಮಾಳಿಗೆಯಿಂದ ನಾಲ್ಕು ಮಹಡಿ ಇದ್ದಲು ಹೊರುವ ವಿದ್ಯಾರ್ಥಿಗೆ ಹೊರುವಾಗಲೇ ಅರ್ಧ ಚಳಿ ಬಿಡುತ್ತಿತ್ತೆನ್ನಬೇಕು.

ಈಗ ಕಾವು ಮನೆಯ ಅಂಗವೆಂದೇ ಗಣನೆ. ಅಕ್ಟೋಬರಿನಿಂದ ಏಪ್ರಿಲಿನವರೆಗೆ ಹಗಲು 20 ಡಿಗ್ರಿಯಷ್ಟಾದರೂ ಬೆಚ್ಚಗಾಗುವ ಕೋಣೆ ಕೊಡಬೇಕೆಂದು ನ್ಯಾಯಾಲಯಗಳು ಸಾಮಾನ್ಯವಾಗಿ ಹೇಳುತ್ತ ಬಂದಿವೆ. ಯಂತ್ರ ಕೆಟ್ಟು ಕೋಣೆ ತಣ್ಣಗಾದರೆ ಬಾಡಿಗೆಯಲ್ಲಿ ಕಡಿತಕ್ಕೆ ಹಕ್ಕುಂಟು. ಲೆಕ್ಕ ಹಂಚುವುದಕ್ಕೆ 1981ರ ನಿಯಮವಿದೆ. ಕಾವಿನ ಖರ್ಚಿನಲ್ಲಿ ನೂರಕ್ಕೆ 50ರಿಂದ 70 ಪಾಲನ್ನು ಪ್ರತಿಯೊಬ್ಬನೂ ಬಳಸಿದ ಪ್ರಮಾಣದಂತೆ, ಉಳಿದುದನ್ನು ಸಾಮಾನ್ಯವಾಗಿ ಮನೆಯ ವಿಸ್ತೀರ್ಣದಂತೆ ಹಂಚುತ್ತಾರೆ. ಆದುದರಿಂದ ಇಡೀ ಚಳಿಗಾಲ ಕಂಬಳಿ ಹೊದ್ದು ಕುಳಿತ ಜಿಪುಣನಿಗೂ ಪೂರ್ತಿ ಬಿಡುಗಡೆಯಿಲ್ಲ.

ತಿಂಗಳ ಬೆಚ್ಚನೆಯ ಬಾಡಿಗೆಯಲ್ಲಿರುವುದು ಅಂದಾಜಿನ ಕಂತು ಮಾತ್ರ. ನಿಜವಾದ ಲೆಕ್ಕ ವರ್ಷಕ್ಕೊಮ್ಮೆ ಬರುತ್ತದೆ. ಕಂತನ್ನು ಕಡಿಮೆ ಬರೆದು ಮನೆಯನ್ನು ಅಗ್ಗವಾಗಿ ತೋರಿಸುವ ಜಾಣರೂ ಇಲ್ಲದಿಲ್ಲ. ಹಿಂದಿನ ವರ್ಷದ ಲೆಕ್ಕವನ್ನು ಕೇಳಿ ನೋಡುವುದೇ ಇದಕ್ಕೆ ಮದ್ದು. 2022ರಲ್ಲಿ ರಷ್ಯದ ಅನಿಲ ನಿಂತು ಬೆಲೆ ಏರಿದಾಗಲಂತೂ ಹಳೆಯ ಅಂದಾಜುಗಳೆಲ್ಲ ಸುಳ್ಳಾದುವು. ಲೆಕ್ಕದ ಅವಧಿ ಮುಗಿದ ಹನ್ನೆರಡು ತಿಂಗಳೊಳಗೆ ಬಾರದ ಲೆಕ್ಕಕ್ಕೆ, ತಡವು ಯಜಮಾನನದೇ ಆಗಿದ್ದಲ್ಲಿ, ಹೆಚ್ಚಿನ ಹಣ ಕೊಡಬೇಕಾಗಿಲ್ಲವೆಂಬುದನ್ನು ಅರಿತವರು ಕಡಿಮೆ.

ಇನ್ನು ಕೋಣೆಯೊಳಗಿನ ವಿವೇಕ. ಕಾವಿನ ಕೊಳವೆಯ ತಿರುಪಿನ ಮೇಲೆ 1ರಿಂದ 5ರವರೆಗೆ ಅಂಕಿಗಳಿರುತ್ತವೆ. 3ಕ್ಕೆ ಸುಮಾರು 20 ಡಿಗ್ರಿ. ಬೇಗ ಬೆಚ್ಚಗಾಗಲೆಂದು 5ಕ್ಕೆ ತಿರುಗಿಸುವುದರಿಂದ ಬೇಗನೆ ಆಗುವುದೇನೂ ಇಲ್ಲ. ಅದು ನಿಲ್ಲದೆ 28ರವರೆಗೆ ಏರುತ್ತ ಹೋಗುತ್ತದೆ, ಅಷ್ಟೆ. ಒಂದು ಡಿಗ್ರಿ ತಗ್ಗಿಸಿದರೆ ನೂರಕ್ಕೆ ಆರರಷ್ಟು ಉಳಿತಾಯವೆಂದು ರೂಢಿಯ ಲೆಕ್ಕ. ಕೊಳವೆಯ ಮುಂದೆ ಸೋಫಾ ಇರಿಸಿ, ಮೇಲೆ ದಪ್ಪನೆಯ ಪರದೆ ಇಳಿಬಿಟ್ಟು, ಕೋಣೆ ಕಾಯುವುದಿಲ್ಲವೆಂದು ದೂರುವವರಿಗೆ ಏನು ಹೇಳುವುದು?

ಕನ್ನಡದ ಮನೆಗಳವರಿಗೆ ತೊಡಕಾಗುವುದು ಹಬೆ. ಅನ್ನ, ಸಾರು, ಒಳಗೇ ಹರವಿದ ಬಟ್ಟೆ. ಈ ತೇವವೆಲ್ಲ ಹೊರಗೋಡೆಯ ತಣ್ಣನೆಯ ಮೂಲೆಯಲ್ಲಿ ಹನಿಗಟ್ಟಿ ಬೂಷ್ಟು ಹಿಡಿಯುತ್ತದೆ. ಕಿಟಕಿಯನ್ನು ದಿನವಿಡೀ ಓರೆ ತೆರೆದಿಟ್ಟರೆ ಗೋಡೆಯೂ ತಣ್ಣಗಾಗಿ ಹಣವೂ ಹಾರಿಹೋಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಐದೈದು ನಿಮಿಷ ಪೂರ್ತಿ ತೆರೆದು ಮುಚ್ಚುವುದೇ ಅಲ್ಲಿಯ ಪದ್ಧತಿ: ಒದ್ದೆ ಗಾಳಿ ಹೋಗುತ್ತದೆ, ಗೋಡೆಯ ಕಾವು ಉಳಿಯುತ್ತದೆ. ಬೀರುವನ್ನು ಹೊರಗೋಡೆಗೆ ಒತ್ತಿ ಇಡಬಾರದು.

ಬೂಷ್ಟಿಗೆ ಹೊಣೆ ಗೋಡೆಯೋ ಬಾಡಿಗೆಯವನೋ ಎಂಬ ಜಗಳ ಕೊನೆಗೆ ಮುಟ್ಟುವುದು ಮುಂಗಡವನ್ನು. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕಂಡವರಿಗೆ ಅಲ್ಲಿಯ ಮಿತಿ ಹಗುರವೆನಿಸೀತು: ಮೂರು ತಿಂಗಳ ತಣ್ಣನೆಯ ಬಾಡಿಗೆ, ಅದೂ ಮೂರು ಕಂತುಗಳಲ್ಲಿ. ಹಗುರವಾದರೂ ಹೋದದ್ದು ಹೋದದ್ದೇ. ಅದಕ್ಕಾಗಿ ಬೀಗದ ಕೈ ಪಡೆಯುವ ದಿನವೇ ಮೂಲೆಮೂಲೆಯ ಭಾವಚಿತ್ರ ತೆಗೆದು, ಇರುವ ಕಲೆಗಳನ್ನೆಲ್ಲ ಒಪ್ಪಿಸುವ ಪತ್ರದಲ್ಲಿ ಬರೆಯಿಸಿ, ಯಜಮಾನನ ರುಜು ಹಾಕಿಸಿಕೊಳ್ಳುತ್ತಾರೆ, ಅಲ್ಲಿ ಒಂದೆರಡು ಚಳಿಗಾಲ ಕಳೆದವರು.