ಸ್ಟಾರ್ಟ್ ಗುಂಡಿ ಇಲ್ಲದ ರಿಮೋಟು

ನನ್ನ ತಮ್ಮನಿಗೆ ನಲವತ್ತೈದು ದಾಟಿದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಸ್ವಂತ ಫ್ಲ್ಯಾಟು, ಇಬ್ಬರು ಮಕ್ಕಳು. ಹೋದ ದೀಪಾವಳಿಗೆ ಅವನ ಮನೆಗೆ ಹೋದಾಗ ಅವನು ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಹಳೆಯ ವೀಡಿಯೋ ಗೇಮ್ ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳನ್ನು ಒಂದೊಂದಾಗಿ ಒರೆಸುತ್ತ ಕೂತಿದ್ದ. ಎಂಥ ನಾಜೂಕು ಅಂತೀರಿ! ಎಳೆಮಗುವಿನ ಕಣ್ಣಿಗೆ ಕಾಡಿಗೆ ತೀಡುವ ಹಾಗೆ. ಪಕ್ಕದಲ್ಲಿ ಅವನೇ ಕುಡಿದಿಟ್ಟ ಕಾಫಿ ಲೋಟ ಕೆನೆಗಟ್ಟಿ ಒಣಗುತ್ತಿತ್ತು. ಅದನ್ನು ಎತ್ತಿ ಸಿಂಕಿಗೆ ಹಾಕುವ ನಾಜೂಕು ಮಾತ್ರ ಅವನ ಕೈಗೆ ಈವರೆಗೆ ಬಂದಿಲ್ಲ.

ಗೋಡೆಯ ತುಂಬ ಗಾಜಿನ ಕಪಾಟು. ಅದರಲ್ಲಿ ಕಪ್ಪು, ಹಳದಿ, ಕೆಂಪು ಬಣ್ಣದ ಪ್ಲಾಸ್ಟಿಕ್ ಕ್ಯಾಸೆಟ್ಟುಗಳು. ಕೆಳಗೆ ದೊಡ್ಡ ಹೊಟ್ಟೆಯ ಹಳೇ ಟೀವಿ. ಬಾತುಕೋಳಿ ಹೊಡೆಯುವ ಬಂದೂಕು ಈಗಿನ ಚಪ್ಪಟೆ ಟೀವಿಯಲ್ಲಿ ಕೆಲಸ ಮಾಡುವುದಿಲ್ಲವಂತೆ, ಪಿಕ್ಚರ್ ಟ್ಯೂಬಿನ ಬೆಳಕೇ ಅದಕ್ಕೆ ಬೇಕಂತೆ, ಅದಕ್ಕೇ ಇದು. ಆ ಜಾಗದಲ್ಲಿ ಮೊದಲು ಅವನ ಹೆಂಡತಿಯ ಹೊಲಿಗೆ ಮಿಷನ್ ಇತ್ತು. ಅದು ಎಲ್ಲಿ ಎಂದೆ. ‘ಬಾಲ್ಕನಿಯಲ್ಲಿದೆ ಅಕ್ಕ, ಮಳೆ ಬಂದಾಗ ಟಾರ್ಪಾಲು ಹೊದಿಸ್ತೀನಿ’ ಎಂದಳು ಆಕೆ. ಅವಳು ನಕ್ಕಳು, ನನಗೆ ನಗು ಬರಲಿಲ್ಲ.

‘ಇದು ನಮ್ಮ ಬಾಲ್ಯ ಕಣಕ್ಕ’ ಅಂದ ತಮ್ಮ.

ನನ್ನ ತಕರಾರು ಇರುವುದು ಆ ‘ನಮ್ಮ’ ಎಂಬ ಮಾತಿನ ಮೇಲೆ.

ನಮ್ಮೂರು ಸೋಮನಹಳ್ಳಿ. ಕನಕಪುರ ರಸ್ತೆಯದಲ್ಲ, ಮದ್ದೂರು ತಾಲ್ಲೂಕಿನದು. 1999ರಿಂದ 2004ರವರೆಗೆ ಮುಖ್ಯಮಂತ್ರಿಗಳಾಗಿದ್ದ ಎಸ್. ಎಂ. ಕೃಷ್ಣ ಅವರ ಹೆಸರಿನ ಮೊದಲ ಅಕ್ಷರವೇ ನಮ್ಮೂರು. ಹೆದ್ದಾರಿ ಮಗ್ಗುಲಲ್ಲೇ ಇದ್ದರೂ ನಮ್ಮದು ಕಬ್ಬು, ಭತ್ತ, ರಾಗಿ, ನಾಲ್ಕು ತೆಂಗಿನ ಮರದ ಸಂಸಾರ. 1993ರಲ್ಲಿ ಕಬ್ಬಿನ ದುಡ್ಡು ಕೈಗೆ ಬಂದಾಗ ಅಪ್ಪ ಬೆಂಗಳೂರಿಗೆ ಹೋಗಿ ತಮ್ಮನಿಗೆ ಒಂದು ವೀಡಿಯೋ ಗೇಮ್ ತಂದರು. ಏಳನೇ ಕ್ಲಾಸು ಪಾಸು ಮಾಡಿದ್ದಕ್ಕೆ ಬಹುಮಾನ. ಅದೇ ವರ್ಷ ನಾನು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದಿದ್ದೆ, ಮಂಡ್ಯದಲ್ಲಿ ಟೈಪಿಂಗ್ ಸೇರುತ್ತೇನೆ ಎಂದು ಕೇಳಿದ್ದೆ. ‘ಮುಂದಿನ ವರ್ಷ ನೋಡಾನ’ ಅಂದರು. ಮುಂದಿನ ವರ್ಷ ನೋಡಲಿಲ್ಲ. ಅಪ್ಪ ಕೆಟ್ಟವರೇನಲ್ಲ. ಅವರಿಗೆ ಅದು ಹೊಳೆಯಲಿಲ್ಲ, ಅಷ್ಟೆ. ಹೊಳೆಯದೇ ಇರುವುದೂ ಒಂದು ಸೌಕರ್ಯ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಆ ಯಂತ್ರದ ಜಾತಕವನ್ನು ಈಗ ತಮ್ಮನೇ ಹೇಳುತ್ತಾನೆ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಎಂಬ ಆಟದ ಪೆಟ್ಟಿಗೆ ಮಾಡಿತು. ತೈವಾನು, ಹಾಂಕಾಂಗು, ಚೀನಾ ಕಡೆಯವರು ಅದನ್ನು ಹಾಗೆಯೇ ನಕಲಿಳಿಸಿದರು. ಆ ನಕಲುಗಳೇ ನಮ್ಮಲ್ಲಿಗೆ ಮೀಡಿಯಾ, ಲಿಟಲ್ ಮಾಸ್ಟರ್ ಎಂಬಂಥ ಹೆಸರಿನಲ್ಲಿ ಬಂದವು. ನಿಂಟೆಂಡೊ ಎಂಬ ಹೆಸರೇ ನಮಗೆ ಗೊತ್ತಿರಲಿಲ್ಲ. ಕಾರ್ಟ್ರಿಜ್ ಎಂಬ ಶಬ್ದವೂ ಇರಲಿಲ್ಲ. ಹಾಡಿಗೆ ಕ್ಯಾಸೆಟ್ಟಾದರೆ ಆಟಕ್ಕೂ ಕ್ಯಾಸೆಟ್ಟು. ಅದರ ಮೈಮೇಲೆ ‘9999 ಆಟಗಳು’ ಎಂದು ಅಚ್ಚು ಹಾಕಿರುತ್ತಿದ್ದರು. ಒಳಗೆ ನೋಡಿದರೆ ಇರುತ್ತಿದ್ದದ್ದು ಐದಾರೇ ಆಟ, ಉಳಿದದ್ದೆಲ್ಲ ಅವೇ ಹೆಸರು ಬದಲಿಸಿಕೊಂಡು ಬರುತ್ತಿದ್ದವು. ನಮ್ಮ ಕಡೆಯ ಕೆಲವು ಮದುವೆ ಊಟದ ಪಟ್ಟಿಯ ಹಾಗೆ.

ಕ್ಯಾಸೆಟ್ಟು ಹತ್ತದಿದ್ದರೆ ಬಾಯಿಂದ ಉಫ್ ಎಂದು ಊದುವುದು ಆಗಿನ ಶಾಸ್ತ್ರ. ಅದು ತಪ್ಪಂತೆ. ಉಸಿರಿನ ತೇವ ತಾಗಿ ಹಲ್ಲಿಗೆ ಕಿಲುಬು ಹಿಡಿಯುತ್ತದಂತೆ. ಊದಿದ್ದರಿಂದಲ್ಲ, ತೆಗೆದು ಮತ್ತೆ ಸರಿಯಾಗಿ ಕೂರಿಸಿದ್ದರಿಂದ ಅದು ನಡೆಯುತ್ತಿತ್ತಂತೆ. ಅಂದರೆ ಮೂವತ್ತು ವರ್ಷ ನಾವು ಊದಿದ್ದು ಸುಮ್ಮನೆ. ಇನ್ನೂ ಒಂದು ವಿಚಾರ ಕೇಳಿ. 1985ರ ಸೂಪರ್ ಮಾರಿಯೋ ಆಟ ಪೂರ್ತಿ ಸೇರಿ ಬರೀ 40 ಕಿಲೋಬೈಟು. ನಿಮ್ಮ ಫೋನಿಗೆ ಬೆಳಿಗ್ಗೆ ಯಾರೋ ಕಳಿಸುವ ಶುಭೋದಯದ ಗುಲಾಬಿ ಹೂವಿನ ಚಿತ್ರ ಇದಕ್ಕಿಂತ ಭಾರ. ಅಷ್ಟು ಸಣ್ಣ ಜಾಗದಲ್ಲಿ ಆಕಾಶ, ಮೋಡ, ಕೋಟೆ, ಸಂಗೀತ ಎಲ್ಲವನ್ನೂ ತುಂಬಿದರಲ್ಲ, ಅದು ಜಾಣತನವೇ ಸೈ. ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಒಂದೇ ಸೀರೆಯನ್ನು ಎರಡು ಮದುವೆಗೆ ಉಡುವ ಉಪಾಯ ಇದು, ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಮನೆಯದು ಕಪ್ಪು ಬಿಳುಪು ಟೀವಿ. ಮಾರಿಯೋನ ಆಕಾಶ ನೀಲಿ ಎಂದು ನನಗೆ ಗೊತ್ತಾದದ್ದೇ ಮದುವೆಯಾದ ಮೇಲೆ.

ಆ ಪೆಟ್ಟಿಗೆಗೆ ಎರಡು ಕೈಗುಂಡಿಗಳಿದ್ದವು, ನಾವು ರಿಮೋಟು ಎನ್ನುತ್ತಿದ್ದೆವು. ಒಂದರಲ್ಲಿ ಆಟ ಶುರು ಮಾಡುವ ಸ್ಟಾರ್ಟ್ ಗುಂಡಿಯೂ ಆಟ ಆರಿಸುವ ಗುಂಡಿಯೂ ಇದ್ದವು. ಎರಡನೆಯದರಲ್ಲಿ ಎರಡೂ ಇಲ್ಲ. ಜಪಾನಿನ ಮೂಲ ಪೆಟ್ಟಿಗೆಯಲ್ಲೇ ಹಾಗಿತ್ತು, ನಕಲು ಮಾಡಿದವರು ಅದನ್ನೂ ನಿಷ್ಠೆಯಿಂದ ನಕಲು ಮಾಡಿದ್ದರು. ಎರಡನೆಯ ರಿಮೋಟು ಯಾರ ಕೈಗೆ ಬಂತು ಎಂದು ನಿಮಗೆ ಹೇಳಬೇಕೆ? ನಾನು ಆಟ ಶುರು ಮಾಡುವ ಹಾಗಿಲ್ಲ, ನಿಲ್ಲಿಸುವ ಹಾಗಿಲ್ಲ, ಯಾವ ಆಟ ಎಂದು ಆರಿಸುವ ಹಾಗೂ ಇಲ್ಲ. ಅವನು ಶುರು ಮಾಡಿದಾಗ ಜೊತೆಗೆ ಓಡಬೇಕು. ಅಡಿಗೆಮನೆಯಿಂದ ‘ಏ ಹೆಣ್ಣೇ, ಮುದ್ದೆ ತಿರುವಬಾರೇ’ ಎಂದು ಕೂಗು ಬಂದರೆ ನನ್ನ ಆಳು ಅಲ್ಲೇ ನಿಂತು ಸಾಯಬೇಕು. ನಿಲ್ಲಿಸೋ ಎಂದರೆ ಅವನು ನಿಲ್ಲಿಸುತ್ತಿರಲಿಲ್ಲ.

ಕಾಂಟ್ರಾ ಎಂಬ ಆಟ ಆಡಿದವರಿಗೆ ಗೊತ್ತು, ಅದರಲ್ಲಿ ಜಲಪಾತ ಹತ್ತುವ ಒಂದು ಹಂತ ಬರುತ್ತದೆ. ಜೊತೆಗಿರುವವನು ಬೇಗಬೇಗ ಮೇಲೆ ಹತ್ತಿಬಿಟ್ಟರೆ ಪರದೆಯೂ ಅವನ ಜೊತೆ ಮೇಲಕ್ಕೆ ಸರಿಯುತ್ತದೆ. ಕೆಳಗೆ ಉಳಿದವರು ಯಾವ ಶತ್ರುವಿನ ಗುಂಡೂ ಇಲ್ಲದೆ ಸತ್ತುಹೋಗುತ್ತಾರೆ. ನಾನು ಎಷ್ಟು ಸಲ ಹಾಗೆ ಸತ್ತಿದ್ದೇನೋ ಲೆಕ್ಕವಿಲ್ಲ. ‘ನೀನು ಬೇಗ ಹತ್ತಬೇಕಿತ್ತು’ ಎನ್ನುತ್ತಿದ್ದ ತಮ್ಮ. ಈಗಲೂ ಹಾಗೇ ಎನ್ನುತ್ತಾನೆ, ಬೇರೆ ವಿಷಯಕ್ಕೆ.

ಹಾಗಂತ ನನಗೆ ಆಟ ಇಷ್ಟವಿರಲಿಲ್ಲ ಎಂದು ತಿಳಿಯಬೇಡಿ. ಮಧ್ಯಾಹ್ನ ಅವನು ಸ್ಕೂಲಿಗೆ ಹೋಗಿ, ಅಮ್ಮ ಗದ್ದೆಗೆ ಹೋಗಿ, ಕರೆಂಟೂ ಇದ್ದರೆ, ಮೂರೂ ಕೂಡಿಬಂದ ದಿನ, ನಾನು ಬಾಗಿಲು ಹಾಕಿಕೊಂಡು ಮೊದಲನೆಯ ರಿಮೋಟು ಹಿಡಿದು ಕೂರುತ್ತಿದ್ದೆ. ಒಂದು ದಿನ ಮಾರಿಯೋನ ಎಂಟನೇ ಲೋಕದ ಕೊನೆಯ ಕೋಟೆ ದಾಟಿದೆ. ರಾಜಕುಮಾರಿ ನಿಂತಿದ್ದಳು. ಇಷ್ಟೆಲ್ಲ ಗುದ್ದಾಡಿ ಬಂದವಳು ನಾನು, ಬಿಡಿಸಿಕೊಂಡು ನಿಂತವಳೂ ಹೆಂಗಸು. ಯಾರಿಗೂ ಹೇಳುವ ಹಾಗಿರಲಿಲ್ಲ. ಹೇಳಿದರೆ ಕದ್ದು ಆಡಿದ್ದು ಗೊತ್ತಾಗುತ್ತಿತ್ತು. ಆ ಗೆಲುವನ್ನು ಈಗ ಮೊದಲ ಸಲ ಬರೆಯುತ್ತಿದ್ದೇನೆ.

ಹಳೆಯ ವೀಡಿಯೋ ಗೇಮು ಕೂಡಿಡುವ ಗಂಡಸರು ತಮ್ಮನ ಮನೆಗೆ ಬರುತ್ತಾರೆ. ಎಸ್. ಪಿ. ರೋಡಿನಲ್ಲಿ ಯಾವುದು ಸಿಕ್ಕಿತು, ಅವೆನ್ಯೂ ರೋಡಿನ ಭಾನುವಾರದ ಸಂತೆಯಲ್ಲಿ ಯಾವುದು ತಪ್ಪಿತು ಎಂದು ಮಾತಾಡುತ್ತಾರೆ. ಹೆಂಗಸರಿಗೆ ಇದೆಲ್ಲ ಏನು ಗೊತ್ತು ಎಂಬ ಧಾಟಿ. ನಾನು ಒಂದು ದಿನ ಕೇಳಿದೆ, ‘ರಿವರ್ ರೈಡ್ ಮಾಡಿದ್ದು ಯಾರು ಗೊತ್ತೇನಪ್ಪ?’ 1982ರಲ್ಲಿ ಅಟಾರಿ ಪೆಟ್ಟಿಗೆಗೆ ಬಂದ ಹೆಸರುವಾಸಿ ಆಟ ಅದು. ಬರೆದವಳು ಕ್ಯಾರಲ್ ಶಾ ಎಂಬ ಹೆಂಗಸು. ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಅದು ಗೊತ್ತಾಗಿ ವಾರವಾಗಿತ್ತು ಅಷ್ಟೆ, ಅದನ್ನು ನಾನು ಹೇಳಲಿಲ್ಲ.

2021ರ ಜುಲೈಯಲ್ಲಿ ಅಮೆರಿಕದಲ್ಲಿ ಸೂಪರ್ ಮಾರಿಯೋ 64 ಎಂಬ ಆಟದ ಒಂದು ಕ್ಯಾಸೆಟ್ಟು ಹರಾಜಿನಲ್ಲಿ 15 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಆಗ ಹನ್ನೊಂದು ಕೋಟಿಗೂ ಮೇಲೆ. ಅಷ್ಟು ಬೆಲೆ ಯಾಕೆಂದರೆ ಅದರ ಹೊದಿಕೆಯನ್ನೇ ಯಾರೂ ಬಿಚ್ಚಿರಲಿಲ್ಲ. ಯಾವ ಮಗುವೂ ಮುಟ್ಟದ ಆಟದ ಸಾಮಾನಿಗೆ ಹೆಚ್ಚು ಬೆಲೆ! ಬೀರುವಿನಲ್ಲಿ ಜೋಪಾನವಾಗಿಟ್ಟ ಧಾರೆ ಸೀರೆ ಉಡದೇ ಉಡದೇ ಮಡಿಕೆಯಲ್ಲೇ ಸೀಳುವುದನ್ನು ನೋಡಿದ ನಮಗೆ ಇದು ಅರ್ಥವಾಗದ ಸಂಗತಿಯಲ್ಲ, ಆದರೆ ಸೀಳಿದ ಸೀರೆಗೆ ಕೋಟಿ ಕೊಡುವವರನ್ನು ಮಾತ್ರ ನಾವು ಕಂಡಿಲ್ಲ. ಇದರಲ್ಲಿ ನನ್ನ ತಮ್ಮ ವಾಸಿ. ಅವನು ಆಡುತ್ತಾನೆ. ಅವನ ಕ್ಯಾಸೆಟ್ಟೆಲ್ಲ ನಕಲು, ಹೊರದೇಶದ ದೊಡ್ಡ ಸಂಗ್ರಹಕಾರರು ಮೂಸಿಯೂ ನೋಡರು. ‘ನಮ್ಮ ಬಾಲ್ಯವೇ ಡೂಪ್ಲಿಕೇಟು, ಒರಿಜಿನಲ್ ಎಲ್ಲಿಂದ ತರಲಿ’ ಎಂದ ಒಂದು ದಿನ. ಆ ಮಾತಿಗೆ ನಾನು ಸೋತೆ.

ಇನ್ನು ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ಅಪ್ಪ ಹೋದ ಮೇಲೆ 2022ರಲ್ಲಿ ಊರಿನ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸಿದರು. ಅಟ್ಟ ಖಾಲಿ ಮಾಡುವಾಗ ತಮ್ಮ ಖುದ್ದಾಗಿ ಬಂದು, ಅಕ್ಕಿ ಮೂಟೆಯ ಹಿಂದಿದ್ದ ಆ ವೀಡಿಯೋ ಗೇಮನ್ನು ಮಗುವಿನ ಹಾಗೆ ಎತ್ತಿಕೊಂಡು ಹೋದ. ಉಳಿದದ್ದನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದ. ಆ ಉಳಿದದ್ದರಲ್ಲಿ ನಮ್ಮಜ್ಜಿಯ ಅಳಗುಳಿ ಮಣೆ ಇತ್ತು. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಮೂರು ತಲೆಮಾರಿನ ಹೆಂಗಸರ ಬೆರಳು ಸವೆಸಿ ನುಣ್ಣಗಾದ ಗುಳಿ. ನಾನು ಕೇಳಿದಾಗ ‘ಅದು ಬರೀ ಹಳೇ ಮರದ ತುಂಡು ಅಂದ್ಕೊಂಡೆ ಅಕ್ಕ’ ಎಂದ.

ನೋಡಿ, ಪ್ಲಾಸ್ಟಿಕ್ಕಿನ ನಕಲು ಕ್ಯಾಸೆಟ್ಟು ಸಂಗ್ರಹ, ಹಲಸಿನ ಮರದ ಮಣೆ ಗುಜರಿ. ಅವನು ಕೂಡಿಟ್ಟರೆ ಹವ್ಯಾಸ, ನಾವು ಕೂಡಿಟ್ಟರೆ ‘ಏನೇನೋ ತುಂಬಿಕೊಂಡಿದ್ದಾಳೆ’. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅವರು ಮಣೆಯಾಟಗಳಲ್ಲಿ ಬಹಳ ಕಾಲ ಕಳೆದರು, ಹೊಸ ಹೊಸ ಆಟ ಕಟ್ಟಿದರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಆಟಗಳ ವಿವರವೇ ಇದೆ. ಅರಸರ ಮಣೆಗಳನ್ನು ವಿದ್ವಾಂಸರು ಅಭ್ಯಾಸ ಮಾಡುತ್ತಾರೆ, ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಆಟಗಳನ್ನು ಮತ್ತೆ ಮಾಡಿಸಿ ಪ್ರದರ್ಶನಕ್ಕೆ ಇಟ್ಟಿದ್ದಾರೆ, ಒಳ್ಳೆಯದೇ. ನಮ್ಮಜ್ಜಿಗೆ ಕಿತ್ತುಕೊಳ್ಳಲು ಯಾವ ಆಡಳಿತವೂ ಇರಲಿಲ್ಲ, ಅದಕ್ಕೋ ಏನೋ ಅವಳ ಮಣೆಯ ವಿಚಾರ ಎಲ್ಲೂ ಬರೆದಿಲ್ಲ.

ಈ ಸಿಟ್ಟನ್ನೆಲ್ಲ ಅಮ್ಮನ ಮುಂದೆ ಸುರಿದೆ. ಅಮ್ಮ ನನ್ನ ಪಕ್ಷ ವಹಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಎಲೆಗೆ ಸುಣ್ಣ ಸವರುತ್ತ, ‘ಹೋದ್ರೆ ಹೋಯ್ತು ಬುಡವ್ವ’ ಅಂದಳು. ‘ಆ ಮಣೆ ಮುಂದೆ ನಾನು ಕುಂತಿದ್ದು ಯಾವಾಗ? ಮುಟ್ಟಾಗಿ ಕೊಟ್ಟಿಗೇಲಿ ಮೂರು ದಿನ ಕುಂತಾಗ. ಬಾಣಂತೀಲಿ ಎರಡು ಕೂಸು ಕಳಕಂಡು ಕುಂತಾಗ. ಹುಣಸೆಬೀಜ ಎಣಿಸ್ಕಂಡು ಹೊತ್ತು ಕಳೀತಿದ್ದೆ. ಅದನ್ನ ಗಾಜಿನ ಬೀರಿಗೆ ಮಡಗಿ ಯಾರು ನೋಡ್ಬೇಕು?’

ನಾನು ಸುಮ್ಮನಾದೆ. ಮಣೆ ಎಂದರೆ ನನಗೆ ಅಜ್ಜಿಯ ಮಡಿಲು, ಬೇಸಿಗೆ ರಜೆ, ಗುಳಿಗೆ ಬೀಳುವ ಬೀಜದ ಸದ್ದು. ಅವಳಿಗೆ ಕೊಟ್ಟಿಗೆ. ತಮ್ಮ ನನ್ನನ್ನು ಕೇಳದೆ ‘ನಮ್ಮ ಬಾಲ್ಯ’ ಎಂದ ಹಾಗೆಯೇ ನಾನೂ ಅಮ್ಮನನ್ನು ಕೇಳದೆ ‘ನಮ್ಮ ಹೆಂಗಸರ ಮಣೆ’ ಎಂದುಬಿಟ್ಟಿದ್ದೆ. ಆದರೂ ಹೇಳುತ್ತೇನೆ, ಅದನ್ನು ಇಡಬೇಕೋ ಸುಡಬೇಕೋ ಎಂದು ಹೇಳಬೇಕಾದವಳು ಅವಳು. ಅವಳನ್ನು ಯಾರೂ ಕೇಳಲಿಲ್ಲ. ತಮ್ಮನ ಕ್ಯಾಸೆಟ್ಟನ್ನು ಅವನನ್ನು ಕೇಳದೆ ಗುಜರಿಗೆ ಹಾಕಲು ನಮ್ಮ ಮನೆಯಲ್ಲಿ ಯಾರಿಗಾದರೂ ಧೈರ್ಯವಿತ್ತೇ? ಮೂವತ್ತು ವರ್ಷ ಅಮ್ಮನೇ ಅದನ್ನು ತನ್ನ ಹಳೇ ಸೀರೆಯಲ್ಲಿ ಸುತ್ತಿ, ಇಲಿ ಕಡಿಯದ ಹಾಗೆ ಕಾದಿದ್ದಳು. ಈಗಿನ ಸಂಗ್ರಹಕಾರರು ‘ಒಳ್ಳೆಯ ಸ್ಥಿತಿಯಲ್ಲಿದೆ’ ಎಂದು ಮೆಚ್ಚುವ ಪ್ರತಿ ಹಳೆಯ ಕ್ಯಾಸೆಟ್ಟಿನ ಹಿಂದೆ ಇಂಥ ಒಬ್ಬ ತಾಯಿಯೋ ಅಕ್ಕನೋ ಇರುತ್ತಾಳೆ ಎಂದು ನನಗೆ ಗುಮಾನಿ.

ಸಂಕ್ರಾಂತಿಗೆ ಮತ್ತೆ ಬೆಂಗಳೂರಿಗೆ ಹೋದೆ. ತಮ್ಮನ ಜೊತೆ ಜಗಳವಾಯಿತು, ಸಣ್ಣದೇನಲ್ಲ. ನನ್ನ ಬೇಡಿಕೆ ಎರಡೇ ಇದ್ದವು. ಹೊಲಿಗೆ ಮಿಷನ್ ಒಳಗೆ ಬರಬೇಕು, ಅದಕ್ಕೆ ಆ ಹೊಟ್ಟೆ ಟೀವಿ ಮೂಲೆಗೆ ಸರಿಯಬೇಕು. ಗಾಜಿನ ಕಪಾಟಿನಲ್ಲಿ ಒಂದು ಖಾನೆ ನನಗೆ ಬಿಡಬೇಕು. ಮೊದಲನೆಯದಕ್ಕೆ ಅವನು ಒಪ್ಪಲು ಎರಡು ದಿನ ಹಿಡಿಯಿತು. ಅವನ ಹೆಂಡತಿ ನಡುವೆ ಬಂದು ‘ಬಿಡಿ ಅಕ್ಕ’ ಎಂದು ಅಡ್ಡಿಮಾಡಿದಳು, ಆಮೇಲೆ ಮಿಷನ್ ಒಳಗೆ ಬಂದಾಗ ಅರ್ಧ ಗಂಟೆ ಅದಕ್ಕೆ ಎಣ್ಣೆ ಬಿಡುತ್ತ ಕೂತಳು. ಖಾನೆಗೆ ಏನು ಇಡುತ್ತೀಯ ಎಂದು ತಮ್ಮ ಕೇಳಿದ. ಅಮ್ಮನ ಚೌಕಾಬಾರದ ನಾಲ್ಕು ಕವಡೆ ನನ್ನ ಪರ್ಸಿನಲ್ಲಿದ್ದವು. ಈ ಸಲ ಅವಳನ್ನು ಕೇಳಿಯೇ ತಂದಿದ್ದೆ. ‘ಇವನ್ನ ಬೇಕಾರೆ ಮಡಗು, ಇದ್ರಲ್ಲಿ ನಿಮ್ಮಪ್ಪನ್ನ ಎಷ್ಟೋ ಸಲ ಸೋಲ್ಸಿದೀನಿ’ ಎಂದು ಕೊಟ್ಟಿದ್ದಳು. 9999 ಆಟಗಳ ಹಳದಿ ಕ್ಯಾಸೆಟ್ಟಿನ ಪಕ್ಕ ಅವನ್ನು ಇಟ್ಟು ಬಂದೆ.

ಹೋದ ವಾರ ತಮ್ಮ ಫೋನ್ ಮಾಡಿದ್ದ. ಅವನ ಗೆಳೆಯರು ಕವಡೆ ನೋಡಿ, ಇವು ಯಾವ ಕಾಲದವು, ಆಟದ ನಿಯಮ ಏನು ಎಂದು ಕೇಳಿದರಂತೆ. ಚೀಟಿ ಬರೆದು ಅಂಟಿಸಬೇಕಂತೆ.

‘ನನಗೇನು ಗೊತ್ತು, ಅಮ್ಮನಿಗೆ ಫೋನ್ ಮಾಡು’ ಎಂದೆ.