ಪಂಚಮಿಗೆ ಕರೆದು ತಂದ ತಂಗಿಯ ಮುಂದೆ ಕಾಗದ ಇಡಬೇಡಿರಿ



ಶ್ರಾವಣ ಹಿಡಿಯಿತೆಂದರೆ ಹಾವೇರಿಯಿಂದ ಅಗಡಿಗೆ ಬರುವ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ. ಕಂಕುಳಲ್ಲಿ ಕೂಸು, ಕೈಯಲ್ಲಿ ಗಂಟು ಹಿಡಿದ ಹೆಣ್ಣುಮಕ್ಕಳು ತವರಿಗೆ ಇಳಿಯುತ್ತಾರೆ. ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು. ಬೇವಿನ ಮರಕ್ಕೆ ಜೋಕಾಲಿ. ಹಲವು ವರ್ಷ ಆಗಸ್ಟ್ 15 ಕೂಡ ಪಂಚಮಿಯ ಹಿಂದೆಮುಂದೆಯೇ ಬರುತ್ತದೆ. 2018ರಲ್ಲಂತೂ ಎರಡೂ ಒಂದೇ ದಿನ ಬಿದ್ದವು. ಬೆಂಗಳೂರು, ಗೋವೆಗೆ ದುಡಿಯಲು ಹೋದ ಹುಡುಗರಿಗೂ ಅಂದು ರಜೆ. ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ದಿನಗಳು ವರ್ಷದಲ್ಲಿ ಎಷ್ಟಿವೆ, ನೀವೇ ಎಣಿಸಿರಿ.

ಇದೇ ದಿನಗಳಲ್ಲಿ ನಮ್ಮ ಕಡೆ ಇನ್ನೊಂದು ಕೆಲಸವೂ ನಡೆಯುತ್ತದೆ. ತಂದೆ ತೀರಿಕೊಂಡಿರುತ್ತಾನೆ. ವಾರಸಾ ಆಗಿ ಉತಾರದಲ್ಲಿ ಅಣ್ಣತಮ್ಮಂದಿರ ಜೊತೆಗೆ ಅಕ್ಕತಂಗಿಯರ ಹೆಸರೂ ಏರಿರುತ್ತವೆ. ಸಾಲ ಎತ್ತಬೇಕೆಂದರೆ ಅವರ ಸಹಿ, ಪಾಲಾಗಬೇಕೆಂದರೂ ಅವರ ಸಹಿ. ಹೇಗೂ ಹಬ್ಬಕ್ಕೆ ಬಂದಿದ್ದಾಳಲ್ಲ ಎಂದು ಮರುದಿನ ಹೊಸ ಸೀರೆ ಉಡಿಸಿ, ನೋಂದಣಿ ಕಚೇರಿಗೆ ಕರೆದೊಯ್ದು, ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತೇವೆ.

ಒತ್ತಿಸುತ್ತೇವೆ ಎಂದು ನನ್ನನ್ನೂ ಸೇರಿಸಿಯೇ ಬರೆದಿದ್ದೇನೆ. ‘ಇದು ಏನ್ ಕಾಗದ ಯಣ್ಣಾ?’ ಎಂದು ತಂಗಿ ಕೇಳಿದಾಗ, ‘ಸುಮ್ಮನ ಒಂದು ಸಹಿ, ಅಷ್ಟ’ ಎಂದವನು ನಾನು. ಮರುವರ್ಷ ಪಂಚಮಿಗೆ ಬಂದಳು; ನಾಗಪ್ಪನಿಗೆ ಹಾಲೆರೆದು ಅಂದೇ ಸಂಜೆಯ ಬಸ್ಸಿಗೆ ಹೊರಟಳು. ‘ಹುಡುಗರ ಸಾಲಿ ಐತಿ’ ಅಂದಳು. ಅದರ ಮುಂದಿನ ವರ್ಷ ಅದೂ ಇಲ್ಲ. ಉಂಡಿಯ ಡಬ್ಬಿ ಮಾತ್ರ ಬೇರೆಯವರ ಕೈಯಲ್ಲಿ ಬಂತು.

ಕಾಯ್ದೆ ಏನು ಹೇಳುತ್ತದೆಂದು ಬಲ್ಲವರಿಂದ ತಿಳಿದದ್ದು ಆಮೇಲೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿ 1994ರಲ್ಲೇ ಜಾರಿಗೆ ಬಂತು. ಆದರೆ ಅದಕ್ಕೂ ಮೊದಲು ಲಗ್ನವಾಗಿ ಹೋದವರನ್ನು ಅದು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು, ಲಗ್ನವಾಗಿರಲಿ ಬಿಡಲಿ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಪಾಲು ಮುಗಿದಿದ್ದರೆ ಅದು ಕದಲುವುದಿಲ್ಲ. ಹಕ್ಕು ಬಿಟ್ಟ ಪತ್ರವೂ ಹಾಗೆಯೇ. ಒಮ್ಮೆ ನೋಂದಣಿಯಾದರೆ ಹಿಂದಕ್ಕೆ ಪಡೆಯುವುದು ಸುಲಭವಲ್ಲ. ಓದಿ ಹೇಳದೆ ಸಹಿ ಹಾಕಿಸಿಕೊಳ್ಳುವುದು ತಪ್ಪೆನ್ನುವುದು ಅದಕ್ಕೇ.

‘ಇರುವುದೇ ಮೂರು ಎಕರೆ, ಅವಳ ಲಗ್ನದ ಸಾಲ ತೀರಿಸಿದ್ದೂ ಇದೇ ಹೊಲ’ ಎಂದು ನೀವು ಕೇಳುವಿರಿ. ನಿಜ. ಗೋವಿನಜೋಳದ ಧಾರಣೆ ಬಿದ್ದ ವರ್ಷ ಬೀಜ ಗೊಬ್ಬರದ ಖರ್ಚೂ ಹುಟ್ಟುವುದಿಲ್ಲ. ಅದರಲ್ಲಿ ಇನ್ನೊಂದು ಪಾಲೆಲ್ಲಿ? ಆದರೆ ಈ ಲೆಕ್ಕವನ್ನು ಅವಳ ಮುಂದೆ ಇಟ್ಟಿದ್ದೇವೆಯೇ? ಸಾಲವೆಷ್ಟು, ಬೆಳೆ ಎಷ್ಟು ಎಂದು ಬಿಚ್ಚಿ ಹೇಳಿದರೆ ಎಷ್ಟೋ ತಂಗಿಯರು ತಾವಾಗಿಯೇ ಬೇಡ ಎಂದಾರು. ಕೆಲವರು ಬೇಕೆಂದಾರು, ಗಂಡನ ಮನೆಯಲ್ಲಿ ಅವರ ಕಷ್ಟ ಏನಿದೆಯೋ. ಹೆಸರು ಉತಾರದಲ್ಲಿ ಹಾಗೇ ಇರಲಿ, ಹೊಲ ನೀವು ಮಾಡಿರಿ, ಸುಗ್ಗಿಗೆ ಅವಳಿಗಿಷ್ಟು ಎಂದು ಮಾತಾಡಿಕೊಳ್ಳಿರಿ. ಬಿಡಿಸಿಕೊಳ್ಳಲೇಬೇಕೆಂದರೆ ಬೆಲೆ ಕಟ್ಟಿ ಕೊಡಿರಿ. ಸೀರೆ ಬೆಲೆಯಲ್ಲ.

ಸ್ವಾತಂತ್ರ್ಯ ದಿನದ ಭಾಷಣಗಳಲ್ಲಿ ನಾವು ಮೋಟೆಬೆನ್ನೂರಿನ ಮೈಲಾರ ಮಹದೇವರನ್ನು ನೆನೆಯುತ್ತೇವೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದವರು. ಅವರ ಪತ್ನಿ ಸಿದ್ಧಮ್ಮನವರೂ ಚಳವಳಿಗಿಳಿದು ಸೆರೆಮನೆ ಕಂಡವರೆಂಬುದನ್ನು ಹೇಳುವವರು ಕಡಿಮೆ. ಧ್ವಜ ಏರಿಸಿ ಮನೆಗೆ ಬಂದು, ಅದೇ ವಾರ ತಂಗಿಯ ಹೆಬ್ಬೆಟ್ಟಿಗೆ ಮಸಿ ಹಚ್ಚುವುದು ನನಗೀಗ ಸರಿ ಕಾಣುತ್ತಿಲ್ಲ.

ಸಹಿಯ ಮಾತು ಆಡಲೇಬೇಕಿದ್ದರೆ ಸುಗ್ಗಿ ಮುಗಿದ ಮೇಲೆ ಅವಳ ಊರಿಗೇ ಹೋಗಿ ಆಡಿರಿ. ಉತಾರದ ಪ್ರತಿ ಅವಳ ಕೈಗೆ ಕೊಡಿರಿ, ಮಕ್ಕಳಿಂದ ಓದಿಸಿರಿ, ಯೋಚಿಸಲು ಬಿಡಿರಿ. ಪಂಚಮಿಯ ನಾಲ್ಕು ದಿನ ಮಾತ್ರ ಅವಳು ಜೋಕಾಲಿ ಜೀಕಲಿ.

ಈ ಸಲ ನನ್ನ ತಂಗಿಯನ್ನು ಕರೆಯಲು ನಾನೇ ಹೋಗುವವನಿದ್ದೇನೆ. ಅಂದು ಓದಿ ಹೇಳದ ಪತ್ರದ ನಕಲನ್ನೂ ಜೊತೆಗೆ ಒಯ್ಯುತ್ತೇನೆ. ಬರುತ್ತಾಳೋ ಇಲ್ಲವೋ, ಅವಳಿಗೆ ಬಿಟ್ಟದ್ದು.