ಕಾಗಿಲ್ ಕೊಟ್ಟ ಪುಸ್ತಕ

ಫ್ಯಾಂಟಸಿ ಕಾದಂಬರಿಯ ಕಥೆಯನ್ನು ಎರಡು ಮಾತಿನಲ್ಲಿ ಹೇಳಹೊರಟರೆ ಅದು ಹುಚ್ಚುಹುಚ್ಚಾಗಿ ಕೇಳಿಸುತ್ತದೆ. ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಸಿಂಹವೊಂದು ಕಾಣಿಸಿಕೊಳ್ಳುತ್ತದೆ. ಅದು ಬರಿಯ ಪ್ರಾಣಿಯಲ್ಲ, ಲೋಕದ ಎಲ್ಲ ಸಿಂಹಗಳ ಹಿಂದಿರುವ ಮೂಲಶಕ್ತಿ. ತೋಟದಲ್ಲಿ ಹಾರುವ ಚಿಟ್ಟೆಗಳೆಲ್ಲ ಒಂದೇ ಒಂದು ದೊಡ್ಡ ಚಿಟ್ಟೆಯೊಳಗೆ ಸೇರಿಹೋಗುತ್ತವೆ. ಇದು ಚಾರ್ಲ್ಸ್ ವಿಲಿಯಮ್ಸ್ 1931ರಲ್ಲಿ ಪ್ರಕಟಿಸಿದ ‘ದಿ ಪ್ಲೇಸ್ ಆಫ್ ದಿ ಲಯನ್’ ಕಾದಂಬರಿಯ ಕಥೆ. ಬೆನ್ನುಡಿಯಲ್ಲಿ ಇಷ್ಟನ್ನೇ ಓದಿದವರು ಪುಸ್ತಕವನ್ನು ಇದ್ದಲ್ಲೇ ಇಟ್ಟು ಮುಂದೆ ಹೋದರೆ ಅವರನ್ನು ದೂರುವಂತಿಲ್ಲ. ಇಂಥ ಪುಸ್ತಕ ಓದುಗರನ್ನು ಮುಟ್ಟಬೇಕಾದರೆ ನಡುವೆ ಒಬ್ಬ ಗೆಳೆಯ ಬೇಕು.

ಆಕ್ಸ್‌ಫರ್ಡಿನ ಅಧ್ಯಾಪಕ ಸಿ.ಎಸ್. ಲೂಯಿಸ್ ಅವರಿಗೆ ಆ ಗೆಳೆಯ ಸಿಕ್ಕಿದ್ದು ಎಕ್ಸೆಟರ್ ಕಾಲೇಜಿನಲ್ಲಿ. ವಿಲಿಯಮ್ಸ್ ಕಾದಂಬರಿಗಳ ಬಗ್ಗೆ ಅದಕ್ಕೆ ಬಹಳ ಹಿಂದೆಯೇ ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಆರ್.ಡಬ್ಲ್ಯು. ಚಾಪ್‌ಮನ್ ಅವರಿಂದ ಕೇಳಿದ್ದರು. ನೋಡಬೇಕು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಸುಮ್ಮನಾಗಿದ್ದರು. ಕೆಲವು ವರ್ಷಗಳ ನಂತರ ಒಂದು ಸಂಜೆ ನೆವಿಲ್ ಕಾಗಿಲ್ ಅವರ ಕೋಣೆಗೆ ಹೋದಾಗ, ಆಗಷ್ಟೇ ಈ ಸಿಂಹದ ಕಾದಂಬರಿ ಓದಿ ಮುಗಿಸಿದ್ದ ಕಾಗಿಲ್ ಅದರ ಗುಂಗಿನಲ್ಲೇ ಇದ್ದರು. ಅವರ ಬಾಯಿಂದ ಕಥೆ ಕೇಳಿದ ಲೂಯಿಸ್ ಪುಸ್ತಕ ಪಡೆದು ಓದಿದರು, ತಮ್ಮ ಜೀವನದಲ್ಲಿ ಮೊದಲ ಬಾರಿಗೆ ಮುಖಪರಿಚಯವಿಲ್ಲದ ಲೇಖಕರೊಬ್ಬರಿಗೆ ಮೆಚ್ಚುಗೆಯ ಪತ್ರ ಬರೆದರು. ಅದು 1936ರ ಮಾರ್ಚ್. ಕಾಗಿಲ್ ತನಗೆ ಓದಿಸಿದ್ದನ್ನು ತಾನು ಗೆಳೆಯ ಟೋಲ್ಕೀನ್ ಅವರಿಗೂ ಸೈನ್ಯದಿಂದ ನಿವೃತ್ತನಾಗಿದ್ದ ಅಣ್ಣನಿಗೂ ದಾಟಿಸಿರುವುದಾಗಿ ಆ ಪತ್ರದಲ್ಲೇ ತಿಳಿಸಿದರು.

ವಿಲಿಯಮ್ಸ್ ಆಗ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಲಂಡನ್ ಕಚೇರಿಯಲ್ಲಿ ಸಂಪಾದಕರು. ಲೂಯಿಸ್ ಬರೆದ ‘ದಿ ಅಲೆಗರಿ ಆಫ್ ಲವ್’ ಗ್ರಂಥ ಅಚ್ಚಿಗೆ ಹೋಗುವ ಹಂತದಲ್ಲಿ ಅವರ ಮೇಜಿನ ಮೇಲಿತ್ತು. ಅದನ್ನು ಓದಿ ಮೆಚ್ಚಿ ಅವರೂ ಲೂಯಿಸರಿಗೆ ಪತ್ರ ಬರೆಯುವುದರಲ್ಲಿದ್ದರು. ನೀವು ಇನ್ನೊಂದು ದಿನ ತಡಮಾಡಿದ್ದರೆ ನಮ್ಮಿಬ್ಬರ ಪತ್ರಗಳು ದಾರಿಯಲ್ಲಿ ಎದುರಾಗುತ್ತಿದ್ದವು ಎಂಬರ್ಥದ ಉತ್ತರ ಬಂತು. 1939ರಲ್ಲಿ ಯುದ್ಧ ಶುರುವಾಗಿ ಪ್ರೆಸ್ಸಿನ ಕಚೇರಿ ಲಂಡನ್ನಿನಿಂದ ಆಕ್ಸ್‌ಫರ್ಡಿಗೆ ಬಂದಾಗ ವಿಲಿಯಮ್ಸ್ ಕೂಡ ಬಂದರು. 1945ರಲ್ಲಿ ತೀರಿಕೊಳ್ಳುವವರೆಗೂ ‘ಇಂಕ್ಲಿಂಗ್ಸ್’ ಎಂಬ ಆ ಗೆಳೆಯರ ಬಳಗದಲ್ಲಿ ಒಬ್ಬರಾಗಿದ್ದರು. ಬರೆಯುತ್ತಿದ್ದುದನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಓದಿ ಹೇಳಿಕೊಳ್ಳುತ್ತಿದ್ದ ಬಳಗ ಅದು.

ಈ ಇಡೀ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಚಾಪ್‌ಮನ್ ಮತ್ತು ಕಾಗಿಲ್ ನಡುವಿನ ವ್ಯತ್ಯಾಸ. ಇಬ್ಬರೂ ಹೇಳಿದ್ದು ಒಬ್ಬನೇ ಲೇಖಕನ ಬಗ್ಗೆ. ಒಬ್ಬರ ಮಾತು ಊಟದ ಜೊತೆಗೇ ಮುಗಿಯಿತು, ಇನ್ನೊಬ್ಬರ ಮಾತು ಒಂದು ಸ್ನೇಹವನ್ನೇ ಕಟ್ಟಿತು. ಕಾಗಿಲ್ ಹೆಸರು ಸೂಚಿಸಿ ಬಿಡಲಿಲ್ಲ, ಕಥೆಯಲ್ಲಿ ಇನ್ನೂ ಮುಳುಗಿದ್ದಾಗಲೇ ಅದನ್ನು ಹೇಳಿದರು. ವಾಸ್ತವವಾದಿ ಕಾದಂಬರಿಯಲ್ಲಿ ನಮಗೆ ಗೊತ್ತಿರುವ ಬೀದಿ, ಮನೆ, ಸಂಬಂಧಗಳು ನಮ್ಮನ್ನು ಒಳಗೆ ಕರೆದುಕೊಳ್ಳುತ್ತವೆ. ಫ್ಯಾಂಟಸಿಯಲ್ಲಿ ಆ ಗುರುತುಗಳಿಲ್ಲ. ಮೊದಲ ಐವತ್ತು ಪುಟ ನಾವು ದಾಟುವುದು ಕೊಟ್ಟವರ ಮೇಲಿನ ನಂಬಿಕೆಯಿಂದಲೇ.

ಲೂಯಿಸ್ ಇದನ್ನು ಚಿಕ್ಕಂದಿನಲ್ಲೇ ಕಂಡುಕೊಂಡಿದ್ದರು. ಬೆಲ್‌ಫಾಸ್ಟಿನಲ್ಲಿ ನೆರೆಮನೆಯ ಹುಡುಗ ಆರ್ಥರ್ ಗ್ರೀವ್ಸ್ ಕಾಯಿಲೆ ಮಲಗಿದ್ದಾಗ ನೋಡಲು ಹೋದ ಲೂಯಿಸ್, ಹಾಸಿಗೆಯ ಪಕ್ಕದಲ್ಲಿ ನಾರ್ಸ್ ಪುರಾಣಕಥೆಗಳ ಪುಸ್ತಕ ಕಂಡು ನಿನಗೂ ಇದು ಇಷ್ಟವೇ ಎಂದು ಕೇಳಿದ್ದೇ ಅವರ ಗೆಳೆತನದ ಆರಂಭ. 1916ರಲ್ಲಿ ಲೆದರ್‌ಹೆಡ್ ರೈಲು ನಿಲ್ದಾಣದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡರ ‘ಫ್ಯಾಂಟಾಸ್ಟೀಸ್’ ಕೊಂಡು ಓದಿದ ಹದಿನೇಳರ ಹುಡುಗ, ನೀನೂ ಇದನ್ನು ಓದಲೇಬೇಕು ಎಂದು ಕೂಡಲೇ ಆರ್ಥರ್‌ಗೆ ಬರೆದ. ಆ ಪತ್ರವ್ಯವಹಾರ ಲೂಯಿಸ್ 1963ರಲ್ಲಿ ಸಾಯುವ ವರ್ಷದವರೆಗೂ ನಡೆಯಿತು.

ಇನ್ನು ಟೋಲ್ಕೀನರ ‘ದಿ ಹಾಬಿಟ್’ ಕಾದಂಬರಿ ಅಚ್ಚಾದದ್ದೂ ಹೀಗೆ ಕೈಯಿಂದ ಕೈಗೆ ದಾಟಿಯೇ. ಅದರ ಟೈಪಾದ ಪ್ರತಿಯನ್ನು ಟೋಲ್ಕೀನ್ ಲೂಯಿಸ್‌ಗೆ ಓದಲು ಕೊಟ್ಟಿದ್ದರು, ಹಳೆಯ ವಿದ್ಯಾರ್ಥಿನಿ ಎಲೇನ್ ಗ್ರಿಫಿತ್ಸ್ ಅವರಿಗೂ ಕೊಟ್ಟಿದ್ದರು. ಎಲೇನ್ ತಮ್ಮ ಗೆಳತಿ ಸೂಸನ್ ಡ್ಯಾಗ್ನಲ್‌ಗೆ ಹೇಳಿದರು. ಸೂಸನ್ ಕೆಲಸ ಮಾಡುತ್ತಿದ್ದದ್ದು ಅಲೆನ್ ಅಂಡ್ ಅನ್‌ವಿನ್ ಪ್ರಕಾಶನದಲ್ಲಿ. ಆಕೆ ಪ್ರತಿಯನ್ನು ಪಡೆದು ಓದಿ, ಮುಗಿಸಿಕೊಡಿ ಎಂದು ಟೋಲ್ಕೀನರ ಬೆನ್ನುಹತ್ತಿದ್ದರಿಂದ 1937ರ ಸೆಪ್ಟೆಂಬರಿನಲ್ಲಿ ಪುಸ್ತಕ ಹೊರಬಂತು.

ಗೆಳೆಯ ಕೊಟ್ಟದ್ದೆಲ್ಲ ಹಿಡಿಸಬೇಕೆಂದೇನಿಲ್ಲ. ವಿಲಿಯಮ್ಸ್ ಬರವಣಿಗೆ ತಮಗೆ ಒಗ್ಗುವಂಥದ್ದಲ್ಲ ಎಂದು ಟೋಲ್ಕೀನ್ ಮುಂದೆ ಹೇಳಿದರು. ಲೂಯಿಸರ ನಾರ್ನಿಯಾ ಕಥೆಗಳೂ ಅವರಿಗೆ ರುಚಿಸಲಿಲ್ಲ. ಇದರಿಂದ ಸಲಹೆಯ ಬೆಲೆ ಕಡಿಮೆಯಾಗುವುದಿಲ್ಲ. ಹಿಡಿಸಲಿಲ್ಲ ಎಂದು ನೇರವಾಗಿ ಹೇಳುವ ಗೆಳೆಯನೇ ಹಿಡಿಸಿತು ಎಂದಾಗ ನಾವು ನಂಬುವುದು.

ಕನ್ನಡದಲ್ಲಿ ‘ಚಂದಮಾಮ’ ಒಂದು ಮನೆಗೆ ಬಂದರೆ ಓಣಿಯ ನಾಲ್ಕು ಮನೆ ಸುತ್ತಿಕೊಂಡು ಹೋಗುತ್ತಿದ್ದ ಕಾಲವನ್ನು ಹಿರಿಯ ಓದುಗರು ಬಲ್ಲರು. ದೊಡ್ಡವರಾದ ಮೇಲೆ ಮಾಯಾಲೋಕದ ಕಥೆಗಳನ್ನು ಒಬ್ಬರಿಗೊಬ್ಬರು ಕೊಡಲು ನಮಗೆ ಏಕೋ ಸಂಕೋಚ, ಅವು ಮಕ್ಕಳಿಗೆ ಎಂಬ ಭಾವನೆ. ಆ ಸಂಕೋಚ ಬೇಕಿಲ್ಲ. ಮೇಲೆ ಹೇಳಿದವರು ಮಧ್ಯವಯಸ್ಸಿನ ಅಧ್ಯಾಪಕರು, ಸೈನಿಕರು, ಪ್ರಕಾಶನದ ನೌಕರರು. ಕೊಟ್ಟ ಪುಸ್ತಕ ಮರಳಿ ಬರುವುದಿಲ್ಲ ಎಂಬ ಭಯಕ್ಕೆ ಕಾರಣವುಂಟು, ಒಪ್ಪುತ್ತೇನೆ. ಆದರೂ ಗಾಜಿನ ಕಪಾಟಿನಲ್ಲಿ ಯಾರೂ ಮುಟ್ಟದೆ ಉಳಿದ ಫ್ಯಾಂಟಸಿ ಕಾದಂಬರಿಗಿಂತ ಎರಡು ಮನೆ ದಾಟಿ ಕಳೆದುಹೋದದ್ದು ಹೆಚ್ಚು ಓದಿಸಿಕೊಂಡಿರುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ವಾಗಲಿ, ಟೋಲ್ಕೀನ್ ಆಗಲಿ, ನಿಮ್ಮನ್ನು ಬೇರೊಂದು ಲೋಕಕ್ಕೆ ಒಯ್ದ ಪುಸ್ತಕವನ್ನು ಈ ತಿಂಗಳು ಒಬ್ಬ ಗೆಳೆಯರಿಗೋ ಗೆಳತಿಗೋ ಕೈಯಾರೆ ಕೊಡಿ. ಏನು ಹೇಳಿ ಕೊಟ್ಟಿರಿ, ಅವರಿಗೆ ಹಿಡಿಸಿತೋ ಇಲ್ಲವೋ, ನಮಗೆ ಬರೆಯಿರಿ. ಬಂದ ಪತ್ರಗಳನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.